ಜೂಮಾಚಾರ್ಯರ ದೇಶಾಟನೆ

ಇಂಥವರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತಿ, ತಿಂಗಳು ತಿಂಗಳು ತಪ್ಪದ ಪಿಂಚಣಿ, ಮಗ ಕೊಡಿಸಿದ ದೊಡ್ಡ ಪರದೆಯ ಕಂಪ್ಯೂಟರು. ಜೊತೆಗೆ, ಕಡತಗಳ ಕೆಳಗೆ ಮೂವತ್ತು ವರ್ಷ ಉಸಿರು ಬಿಗಿಹಿಡಿದು ಕೂತಿದ್ದ ಒಬ್ಬ ಕವಿ. ಕವಿ ಈಗ ಹೊರಬರಬೇಕು, ಅದಕ್ಕೆ ಸ್ಫೂರ್ತಿ ಬೇಕು. ಸ್ಫೂರ್ತಿಗಾಗಿ ಅವರು ದಿನಾ ಮನೆಯಲ್ಲೇ ಕೂತು ಜಗತ್ತಿನ ಮ್ಯೂಸಿಯಂ ಸುತ್ತುತ್ತಾರೆ. ಹಾಲಿನವನು ಬರುವ ಹೊತ್ತಿಗೆ ಪ್ಯಾರಿಸ್, ಹನ್ನೊಂದರ ಕಾಫಿಗೆ ಆಮ್‌ಸ್ಟರ್‌ಡ್ಯಾಮ್, ಊಟಕ್ಕೆ ಮಾತ್ರ ಬೆಂಗಳೂರು. ಪಾರ್ಕಿನ ಬೆಂಚಿನ ನಾವು ಅವರಿಗಿಟ್ಟ ಹೆಸರು ಜೂಮಾಚಾರ್ಯರು.

"ಏನ್ಸಾರ್, ಏನಾದ್ರೂ ಬರೆದ್ರಾ?" ಎಂದು ಕೇಳಿದರೆ, "ಇನ್ನೂ ಸಂಗ್ರಹದ ಹಂತದಲ್ಲಿದೀನಿ" ಎನ್ನುತ್ತಾರೆ.

ಮಡಿವಂತಿಕೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಚಪ್ಪಲಿ ಕೋಣೆಯ ಹೊರಗೆ. ಯುರೋಪಾದರೆ ಹೆಗಲಿಗೆ ಶಾಲು. ಮ್ಯೂಸಿಯಂ ಒಳಗೆ ತಿಂಡಿ ನಿಷಿದ್ಧವಾದ್ದರಿಂದ ಚಕ್ಕುಲಿ ಡಬ್ಬ ಹತ್ತಿರ ಸುಳಿಯುವಂತಿಲ್ಲ. ಈ ಒಂದು ನಿಯಮಕ್ಕೆ ಅವರ ಮನೆಯವರ ಪೂರ್ಣ ಬೆಂಬಲವಿದೆ. ಮಂಗಳವಾರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ವಾರದ ರಜೆ. ಅಲ್ಲಿ ಬಾಗಿಲು ಹಾಕಿದ್ದರೆ ಇವರ ಪರದೆಗೇನು ಬಂತು? ಆದರೂ ಅಂದು ಅತ್ತ ತಲೆ ಹಾಕುವುದಿಲ್ಲ. ನಮ್ಮ ಕ್ಷೌರದಂಗಡಿಗೂ ಮಂಗಳವಾರವೇ ರಜೆಯಾಗಿರುವುದರಲ್ಲಿ ಏನೋ ಪ್ರಾಚೀನ ಸಂಬಂಧ ಇರಬೇಕೆಂಬುದು ಅವರ ಗುಮಾನಿ. ಅದರ ಮೇಲೂ ಒಂದು ಪ್ರಬಂಧ ಸಂಗ್ರಹದ ಹಂತದಲ್ಲಿದೆ.

2011ರಲ್ಲಿ ಗೂಗಲ್ 17 ಮ್ಯೂಸಿಯಂಗಳನ್ನು ಹೀಗೆ ಪರದೆಗೆ ತಂದಾಗ ಕ್ಯಾಮೆರಾ ಹೊತ್ತ ಗಾಡಿಯೊಂದನ್ನು ಒಳಗೆ ಓಡಾಡಿಸಿತ್ತು. ಕನ್ನಡಿಗಳಿರುವ ಕೋಣೆಗಳಲ್ಲಿ ಆ ಗಾಡಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡುಬಿಟ್ಟಿದೆ. ಆಚಾರ್ಯರು ಅದನ್ನು ಕಂಡ ದಿನ ಪಾರ್ಕಿಗೆ ಬಂದವರೇ, "ನೋಡುವವನೂ ಅದೇ, ನೋಟವೂ ಅದೇ!" ಎಂದು ಕಣ್ಣು ಮುಚ್ಚಿದರು. ನಾವು ಬಿಪಿ ಏರಿತೇನೋ ಎಂದು ಹೆದರಿದೆವು.

ಅವರ ನಿಜವಾದ ಕರ್ಮಭೂಮಿ ಮಾತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು ಅಲ್ಲಿಯವರು 8,439 ಫೋಟೊ ತೆಗೆದು, ಹೊಲಿದು, 717 ಗಿಗಾಪಿಕ್ಸೆಲ್‌ನ ಒಂದೇ ಚಿತ್ರವಾಗಿ 2022ರಲ್ಲಿ ಲೋಕಕ್ಕೆ ಬಿಟ್ಟರು. ಒಂದು ಮಿಲಿಮೀಟರನ್ನು ಇನ್ನೂರು ಭಾಗ ಮಾಡಿದರೆ ಒಂದು ಪಿಕ್ಸೆಲ್. ಆ ಚಿತ್ರದಲ್ಲಿ ಕ್ಯಾಪ್ಟನ್ ಇದ್ದಾನೆ, ಕೋವಿಗಳಿವೆ, ಬೆಳಕಿನಲ್ಲಿ ಮಿಂದ ಹುಡುಗಿಯಿದ್ದಾಳೆ. ಒಂದು ದಿನ ನಾನು ಮನೆಗೆ ಹೋದಾಗ ಆಚಾರ್ಯರು ಅವರನ್ನೆಲ್ಲ ದಾಟಿ, ಬಲಮೂಲೆಯ ನಾಯಿಯ ಬಳಿ ಬಂದು, ಅದರ ಮೈಮೇಲಿನ ಬಣ್ಣದ ಬಿರುಕಿನೊಳಗೆ ಇಳಿದುಬಿಟ್ಟಿದ್ದರು. ಪರದೆ ತುಂಬ ಕಂದು ಬಣ್ಣ.

"ಏನಿದು ಸಾರ್, ಗದ್ದೆಯಾ?"

"ನಾಯಿ ರೀ."

ಈ ನಾಯಿಯನ್ನು ರೆಂಬ್ರಾಂಟ್ ಹಳೆಯ ಪುಸ್ತಕವೊಂದರ ಮುಖಪುಟದ ನಾಯಿಯನ್ನು ನೋಡಿಕೊಂಡು ಬಿಡಿಸಿದ್ದಾನೆ ಎಂದು 2025ರಲ್ಲಿ ಅದೇ ಮ್ಯೂಸಿಯಂ ಪ್ರಕಟಿಸಿತು. ಆಚಾರ್ಯರಿಗೆ ಹಬ್ಬ. "ನೋಡಿದ್ರಾ? ಅವನೂ ಚಿತ್ರ ನೋಡ್ತಾ ಕೂತವನೇ!" ನೋಡಿದ ಮೇಲೆ ಬಿಡಿಸಿದನಲ್ಲ ಸ್ವಾಮಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾಫಿ ಬಂತು.

ಕಾಫಿ ತಂದವರು ಅವರ ಮನೆಯವರು. ಪರದೆಯಲ್ಲಿ ಆಗ ವರ್ಮೀರನ ಹಾಲು ಸುರಿಯುವ ಹೆಂಗಸು. ಆ ನೀಲಿಯ ಆಳ, ಆ ಧಾರೆಯ ಮೌನ ಎಂದು ಇವರು ಭಾಷ್ಯ ಶುರುಮಾಡಿದ್ದರು. ಆಕೆ ಲೋಟ ಇಡುತ್ತ ಒಮ್ಮೆ ಕಣ್ಣು ಹಾಯಿಸಿ, "ಒಣಗಿದ ಬ್ರೆಡ್ಡು ದಂಡ ಆಗ್ಬಾರ್ದು ಅಂತ ಹಾಲಲ್ಲಿ ನೆನೆಸ್ತಿದಾಳೆ, ಅಷ್ಟೇ" ಎಂದು ಒಳಗೆ ಹೋದರು. ವಿದ್ವಾಂಸರೂ ಇದನ್ನೇ ಹೇಳಿದ್ದಾರೆ, ಪುಟಗಟ್ಟಲೆ.

ನಾಯಿಯೇ ಬೇಕಾದರೆ ನಮ್ಮಲ್ಲೂ ಇದೆಯಲ್ಲ ಎಂದೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ 10ನೇ ಶತಮಾನದ ಆತಕೂರಿನ ಕಲ್ಲು. ಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕ ಅದು.

ಆಚಾರ್ಯರ ಕಣ್ಣರಳಿತು. "ಎಷ್ಟು ಪಿಕ್ಸೆಲ್?"

"ಕಲ್ಲು ಸಾರ್. ಮೆಟ್ರೋದಲ್ಲಿ ಹೋಗಿ ನೋಡ್ಬೇಕು."

"ಅಯ್ಯೋ, ಈ ಬಿಸಿಲಲ್ಲಿ..." ಎಂದು ಶಾಲು ಸರಿಪಡಿಸಿಕೊಂಡರು. "ಈ ವಾರ ಸೇಂಟ್ ಪೀಟರ್ಸ್‌ಬರ್ಗ್ ಮುಗಿಸ್ಬಿಡ್ತೀನಿ, ಆಮೇಲೆ ನೋಡೋಣ."

ಇಷ್ಟಾದರೂ ಅವರು ಒಂದು ಕವಿತೆ ಬರೆದು ಮುಗಿಸಿದ್ದುಂಟು. ಒಂದು ಸಂಜೆ ಇಂಟರ್‌ನೆಟ್ ಕೈಕೊಟ್ಟು, ಲೂವ್ರ್ ತೆರೆಯುವ ಬದಲು ಪರದೆಯ ನಡುವೆ ಬರೀ ಒಂದು ಉಂಗುರ ಸುತ್ತತೊಡಗಿತು. ಬೇರೆ ಕೆಲಸವಿಲ್ಲದೆ ಆಚಾರ್ಯರು ಅದನ್ನೇ ನೋಡುತ್ತ ಹನ್ನೆರಡು ಸಾಲು ಬರೆದರು. ಬಡಾವಣೆಯ ರಾಜ್ಯೋತ್ಸವದ ಕವಿಗೋಷ್ಠಿಯಲ್ಲಿ ಓದಿದರು. ಆದಿಯಿಲ್ಲದ, ಅಂತ್ಯವಿಲ್ಲದ ಈ ವೃತ್ತ ಅಲ್ಲಮನ ಬಯಲನ್ನು ನೆನಪಿಸುತ್ತದೆ ಎಂದು ಅಧ್ಯಕ್ಷರು ಕೊಂಡಾಡಿದರು. ಚಪ್ಪಾಳೆ ಬಿತ್ತು. ಆಚಾರ್ಯರು ವಿನಯದಿಂದ ತಲೆ ಬಾಗಿಸಿದರೇ ಹೊರತು ಏನೂ ಬಾಯಿಬಿಡಲಿಲ್ಲ.

ಈಗ ಇಂಟರ್‌ನೆಟ್ ನಿಧಾನವಾದರೆ ಅವರು ದೂರು ಕೊಡುವುದಿಲ್ಲ. ಮೊನ್ನೆ ರಿಪೇರಿಗೆ ಬಂದ ಹುಡುಗನನ್ನು, ಬರೆಯುವ ಹೊತ್ತು ಎಂದು ಹೇಳಿ, ಗೇಟಿನಿಂದಲೇ ವಾಪಸು ಕಳಿಸಿದರಂತೆ.