ಹೆರಿಟೇಜ್ ವ್ಯೂ, ಡಬಲ್ ಬೆಡ್‌ರೂಮು

‘ಬರ್ರಿ ಸರ್, ಭೀಮರಾಯನಗುಡಿಯಾಗ ಇಂಥಾ ಅಪಾರ್ಟ್‌ಮೆಂಟ್ ಇನ್ನೊಂದಿಲ್ಲ. ಕಿಟಕ್ಯಾಗ ಶಹಾಪುರದ ಗುಡ್ಡದ ಮಲಗಿದ ಬುದ್ಧ ಕಾಣ್ತಾನ.’

‘ಕಾಣವಲ್ಲನಲ್ರಿ?’

‘ಟೆರೇಸಿಗೆ ಹೋಗಿ ಕುತ್ತಿಗಿ ಸ್ವಲ್ಪ ಚಾಚ್ರಿ. ಅದಕ್ಕ ಬಾಡಿಗಿ ಬ್ಯಾರೆ.’

‘ಐತಿಹಾಸಿಕ ಏರಿಯಾ ಅಂತ ಬೋರ್ಡ್ ಹಾಕೀರಿ. ಇದು ನೀರಾವರಿ ಕಾಲೊನಿ ಊರಲ್ಲೇನ್ರಿ?’

‘ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಾಗ. ಅದೂ ಇತಿಹಾಸನಽ ಅಲ್ಲೇನು? ಸುರಪುರದ ಟೇಲರ್ ಮಂಜಿಲ್ ನೋಡೇ ಈ ಬಾಲ್ಕನಿ ಕಟ್ಟಿಸೀನಿ.’

‘ಬಾಲ್ಕನಿ ಎಲ್ಲೈತ್ರಿ?’

‘ನೀವು ನಿಂತೀರಲ್ಲ, ಅದಽ. ಅಲ್ಲಾಡಬ್ಯಾಡ್ರಿ.’

(ಬ್ರಿಟಿಷ್ ಅಧಿಕಾರಿ ಟೇಲರ್ ಸಾಹೇಬ ಗುಡ್ಡದ ಮ್ಯಾಲ ಬಂಗಲೆ ಕಟ್ಟಿಸಿದ್ದ, ಇವರು ಗಟಾರದ ಮ್ಯಾಲ.)

‘ನೀರು?’

‘ಬಸವಸಾಗರ ಜಲಾಶಯದ ನೀರು ಕಾಲುವ್ಯಾಗ ಭರಪೂರ ಹರೀತೈತಿ.’

‘ನಳದಾಗ?’

‘ನಳ ಇಟಾಲಿಯನ್ ಡಿಸೈನ್ ಸರ್. ನೋಡಾಕ ಐತಿ.’

‘ಅಡ್ವಾನ್ಸ್?’

‘ಹತ್ತು ತಿಂಗಳದು. ಬೆಂಗಳೂರು ಪದ್ಧತಿ.’

‘ಎರಡು ತಿಂಗಳದ್ದಕ್ಕಿಂತ ಹೆಚ್ಚು ಬ್ಯಾಡ ಅಂತ ಕೇಂದ್ರದ 2021ರ ಮಾದರಿ ಬಾಡಿಗಿ ಕಾಯ್ದೆ ಹೇಳ್ತೈತಿ.’

‘ಅದು ಮಾದರಿ ಕಾಯ್ದೆ; ಇದು ಖರೇ ಮನಿ! ರಾಜ್ಯಗಳು ಒಪ್ಪಿದ್ರ ಮಾತ್ರ ಅದು ನಡೀತೈತಿ. ನಾನೂ ಪೇಪರ್ ಓದ್ತೀನ್ರಿ.’

ಮನಿ ಇನ್ನೂ ಖಾಲಿ ಐತಿ. ಬೇಕಾದವರು ಬಕೀಟು ತುಂಬಿಸಿಕೊಂಡೇ ಬರ್ರಿ.