ಗಾರ್ಡ್ ಬಿಚ್ಚಿದ ಗಂಡು

ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ಅಂಬೇವಾಡಿಯಲ್ಲಿ ಅವನು ಕೈಗೆ ಸಿಗುವುದು ಕಷ್ಟ. ಅಳ್ನಾವರದ ಕಡೆಯಿಂದ ಬಂದ ರೈಲು ಹಳಿ ಇಲ್ಲಿಗೆ ಮುಗಿಯುತ್ತದೆ, ಹುಲ್ಲಿಗೆ ಅಂಥ ಕಟ್ಟುಪಾಡಿಲ್ಲ. ಕಾಳಿ ದಂಡೆಯ ರೆಸಾರ್ಟು, ದಾಂಡೇಲಿಯ ಶಾಲೆ ಮೈದಾನ, ಜೊಯಿಡಾ ಬದಿಯ ಅಡಿಕೆ ತೋಟ, ಹುಬ್ಬಳ್ಳಿಯವರು ಯಾರೋ ಕೊಂಡು ಮರೆತ ಖಾಲಿ ಸೈಟು, ಎಲ್ಲ ಕಡೆಯಿಂದಲೂ ಫೋನು. ಹೆಗಲಿಗೆ ಬ್ರಷ್ ಕಟರ್, ತಲೆಗೆ ಟವೆಲ್, ಕಾಲಿಗೆ ಹವಾಯಿ ಚಪ್ಪಲಿ, ಹಣೆಯ ಮೇಲೆ ಕೂಲಿಂಗ್ ಗ್ಲಾಸ್. ಅದು ಕಣ್ಣಿಗೆ ಇಳಿಯುವುದು ಫೋಟೊ ತೆಗೆಯುವಾಗ ಮಾತ್ರ. ಯಂತ್ರದ ಹಿಡಿಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುತ್ತಾನೆ. ಬ್ಲೇಡಿನ ಹಿಂದೆ ಇರಬೇಕಾದ ಗಾರ್ಡ್ ಮಾತ್ರ ಕಾಣುವುದಿಲ್ಲ. ಕೇಳಿದರೆ, "ಮನ್ಯಾಗ ಐತ್ರಿ ಸಾಹೇಬ್ರ, ಹೊಸಾದು ಹೊಸಾದಂಗ ಇಟ್ಟೀನಿ" ಎನ್ನುತ್ತಾನೆ. ಕಲ್ಲು ಬಡಿದು ಗಾರ್ಡ್ ಒಡೆದೀತು ಎಂಬ ಚಿಂತೆ ಅವನಿಗೆ ನಿಜಕ್ಕೂ ಇದೆ. ಅದೇ ಕಲ್ಲು ಮೊಣಕಾಲಿಗೆ ಬಡಿದರೆ ಎಂಬ ಚಿಂತೆಗೆ ಅವನ ತಲೆಯಲ್ಲಿ ಜಾಗ ಉಳಿದಿಲ್ಲ.

ಇವನನ್ನು ಹುಂಬ ಎಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ಅದು ತಪ್ಪು ಲೆಕ್ಕ. ಇಡೀ ಊರಿನಲ್ಲಿ ಕೈಹದ ಇರುವವನು ಇವನೇ. ಗುಲಾಬಿ ಗಿಡದ ಬುಡಕ್ಕೆ ನಾಲ್ಕು ಬೆರಳು ಬಿಟ್ಟು ಸುತ್ತ ಹುಲ್ಲು ತೆಗೆಯುತ್ತಾನೆ, ನೀರಿನ ಪೈಪಿಗೆ ಗೀರು ಬೀಳಿಸುವುದಿಲ್ಲ, ಎಂಜಿನ್ನಿನ ಸದ್ದು ಕೇಳಿಯೇ ಪ್ಲಗ್ಗಿನ ರೋಗ ಹೇಳುತ್ತಾನೆ. ತೊಂದರೆ ಇರುವುದೇ ಇಲ್ಲಿ. ಇಷ್ಟೆಲ್ಲ ಬಲ್ಲವನಿಗೆ ಗಾರ್ಡ್ ಹಾಕಿಕೋ ಎನ್ನುವುದು ಈಜು ಬಲ್ಲವನ ಸೊಂಟಕ್ಕೆ ಸೋರೆಬುರುಡೆ ಕಟ್ಟಿದ ಹಾಗೆ, ಅವನಿಗೆ ಅವಮಾನವಾಗುತ್ತದೆ. ಆದರೆ ಗಾರ್ಡಿಗೂ ಅವನ ಕೈಹದಕ್ಕೂ ಸಂಬಂಧವೇ ಇಲ್ಲ. ಗಾರ್ಡ್ ಇರುವುದು ಹುಲ್ಲಿನ ಬುಡದಲ್ಲಿ ಅಡಗಿದ ಗರಸಿನ ಹರಳಿಗಾಗಿ, ತುಂಡು ತಂತಿಗಾಗಿ, ರೆಸಾರ್ಟಿಗೆ ಬಂದವರು ಒಡೆದು ಬಿಟ್ಟುಹೋದ ಬಾಟಲಿಯ ಚೂರಿಗಾಗಿ. 255 ಮಿಲಿಮೀಟರ್ ಅಗಲದ ಬ್ಲೇಡು ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ನೂರು ಮೀಟರ್ ದಾಟುತ್ತದೆ. ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 380 ಕಿಲೋಮೀಟರ್. ಅಂಚಿಗೆ ತಗುಲಿದ ಹರಳು ಅಷ್ಟೇ ವೇಗದಲ್ಲಿ ಹೋಗದಿದ್ದರೂ, ಯಾವ ದಿಕ್ಕಿಗೆ ಹೋಗಬೇಕೆಂದು ಇವನನ್ನು ಕೇಳುವುದಂತೂ ಇಲ್ಲ. ಕೆಲಸ ನಡೆಯುವಾಗ ಸುತ್ತ 15 ಮೀಟರ್ ಒಳಗೆ ಯಾರೂ ಬರಬಾರದು ಎಂದು ಯಂತ್ರದ ಜೊತೆ ಬರುವ ಪುಸ್ತಕಗಳು ಹೇಳುವುದು ಇದಕ್ಕೇ. ನಮ್ಮವನ ಸುತ್ತ ಆ 15 ಮೀಟರಿನೊಳಗೆ ಒಂದು ನಾಯಿ, ಇಬ್ಬರು ಹುಡುಗರು ಮತ್ತು "ಇನ್ನಾ ಸ್ವಲ್ಪ ಸಣ್ಣಂಗ ಹೊಡಿಯೋ" ಎಂದು ಬೆರಳು ತೋರಿಸುವ ಮ್ಯಾನೇಜರ್ ಇದ್ದೇ ಇರುತ್ತಾರೆ.

"ಹತ್ತ ವರ್ಷ ಆತ್ರಿ, ಏನರ ಆಗೇತೇನ್ರಿ?" ಎಂಬುದು ಅವನ ಬ್ರಹ್ಮಾಸ್ತ್ರ. ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅನುಭವವೇ ಪ್ರಮಾಣ ಎಂದು ನಾವೇ ಬೇರೆಲ್ಲ ಕಡೆ ಒಪ್ಪಿಕೊಂಡಿದ್ದೇವೆ. ಆದರೆ ಕಲಿಸುವ ಅನುಭವ ಬೇರೆ, ಸುಮ್ಮನೆ ಕಳೆದ ಕಾಲ ಬೇರೆ. ಬಡಿಗನ ಉಳಿ ಜಾರಿದರೆ ಬೆರಳು ಸ್ವಲ್ಪ ಗೀರುತ್ತದೆ, ಮರುದಿನ ಅವನು ಉಳಿ ಹಿಡಿಯುವ ರೀತಿ ಬದಲಾಗುತ್ತದೆ. ಅಲ್ಲಿ ತಪ್ಪು ಸಣ್ಣದು, ಪಾಠ ದಿನವೂ ನಡೆಯುತ್ತದೆ. ಬ್ಲೇಡು ಎಸೆದ ಹರಳು ಹಾಗಲ್ಲ. ಅದು ಸಾವಿರ ಸಲ ಪೊದೆಗೆ ಬಡಿದು ಯಾರಿಗೂ ಗೊತ್ತಾಗದೆ ಬೀಳುತ್ತದೆ. ಆ ಸಾವಿರವನ್ನೂ ಇವನು ತನ್ನ ಜಾಣತನದ ಖಾತೆಗೆ ಜಮಾ ಮಾಡಿಕೊಳ್ಳುತ್ತಾನೆ. ಇನ್ನೊಂದು ಸಂಗತಿ: ಏನೂ ಆಗಿಲ್ಲ ಎಂದು ಸಾಕ್ಷಿ ಹೇಳಲು ಚಹಾದಂಗಡಿಯಲ್ಲಿ ಕೂತಿರುವವರೆಲ್ಲ ಏನೂ ಆಗದವರೇ. ಆದವನು ಯಂತ್ರ ಮಾರಿ ಊರಿನಲ್ಲಿ ಬೇರೆ ಏನೋ ಮಾಡಿಕೊಂಡಿರುತ್ತಾನೆ; ಅವನನ್ನು ಸಾಕ್ಷಿಗೆ ಕರೆಯುವವರಿಲ್ಲ.

ಹಾಗೆಂದು ಅವನ ತಕರಾರುಗಳೆಲ್ಲ ಹುರುಳಿಲ್ಲದವೇನಲ್ಲ. ಜುಲೈನ ಹಸಿ ಹುಲ್ಲು ಗಾರ್ಡಿನ ಒಳಬದಿಗೆ ಸಗಣಿ ಮೆತ್ತಿದಂತೆ ಮೆತ್ತಿಕೊಳ್ಳುತ್ತದೆ, ಬ್ಲೇಡು ಉಸಿರು ಕಟ್ಟಿ ನಿಲ್ಲುತ್ತದೆ. ಅದನ್ನು ತೆಗೆಯಬೇಕಾದರೆ ಎಂಜಿನ್ ಆರಿಸಿ, ಪ್ಲಗ್ಗಿನ ಕ್ಯಾಪ್ ಕಿತ್ತು, ಕೋಲಿನಿಂದ ಕೆರೆಯಬೇಕು. ಐದು ನಿಮಿಷದ ಕೆಲಸ, ದಿನಕ್ಕೆ ಎಷ್ಟೋ ಸಲ. ಗುಂಡಗುತ್ತಿಗೆಗೆ ಒಪ್ಪಿಕೊಂಡವನಿಗೆ ಆ ಐದು ನಿಮಿಷಗಳೆಲ್ಲ ಸ್ವಂತ ಜೇಬಿನಿಂದ ಹೋಗುತ್ತವೆ. ಮುಖಕ್ಕೆ ಜಾಲರಿ, ಕಾಲಿಗೆ ಗಂಬೂಟು ಹಾಕಿ ಬೆವರಿನಲ್ಲಿ ಬೇಯುವುದೂ ಅವನೇ, ಹಾಕಿಕೋ ಎಂದು ಹೇಳುವವರು ಜಗುಲಿಯ ಮೇಲಿರುತ್ತಾರೆ. ಇಬ್ಬನಿ ಆರಿದ ಮೇಲೆ ಶುರು ಮಾಡು, ಎತ್ತರದ ಹುಲ್ಲನ್ನು ಎರಡು ಸಲಕ್ಕೆ ಇಳಿಸು, ಬ್ಲೇಡಿಗೆ ಸಾಣೆ ಹಿಡಿಸು ಎಂದರೆ ಅರ್ಧ ಕಾಟ ತಪ್ಪುತ್ತದೆ. ಉಳಿದರ್ಧಕ್ಕೆ ಉಪಾಯವಿಲ್ಲ, ಅದರ ಖರ್ಚನ್ನು ಹುಲ್ಲು ತೆಗೆಸುವವರು ಕೊಡಬೇಕು. ಗುತ್ತಿಗೆಯ ಬದಲು ದಿನದ ಪಗಾರ ಎಂದ ಕೂಡಲೇ ಗಾರ್ಡಿನ ಮೇಲಿನ ಅವನ ಸಿಟ್ಟು ಬಹಳಷ್ಟು ಇಳಿಯುತ್ತದೆ. ಮಾಲೀಕರ ಸಿಟ್ಟು ಏರುತ್ತದೆ ಎಂಬುದು ಬೇರೆ ಮಾತು.

"ನಮ್ಮ ಮಂದೀನ ಹಿಂಗ, ಹೇಳಿದ್ರ ಕೇಳಂಗಿಲ್ಲ" ಎಂಬ ಇನ್ನೊಂದು ಉತ್ತರ ಜಗುಲಿಯ ಕಡೆಯಿಂದಲೇ ಬರುತ್ತದೆ. ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ದಾಂಡೇಲಿಯ ಕಾಗದದ ಗಿರಣಿಯ ಗೇಟಿನವರೆಗೆ ಹೋದರೆ ಸಾಕು. ತಿರುಗುವ ಯಂತ್ರಭಾಗಕ್ಕೆ ಬೇಲಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ತನ್ನ 21ನೇ ಕಲಮಿನಲ್ಲೇ ಹೇಳಿತು. ಇಂಥ ಕಾಯ್ದೆ ಇರುವ ಗೇಟಿನೊಳಗೆ ಹೆಲ್ಮೆಟ್ ಏರಿಸುವ ತಲೆಯೂ ಇದೇ ಮಣ್ಣಿನದು. ಸಂಜೆ ಹೊರಬಂದು ಹೆಲ್ಮೆಟ್ ಇಲ್ಲದೆ ಬೈಕ್ ಏರುವುದೂ ಅದೇ ತಲೆ. ಬದಲಾದದ್ದು ಗೇಟಿನಲ್ಲಿ ಕೇಳುವವನು ಇದ್ದಾನೋ ಇಲ್ಲವೋ ಎಂಬುದಷ್ಟೇ. ಹೊಲದ ಯಂತ್ರಕ್ಕೂ ಕಾನೂನು ಬಂದದ್ದುಂಟು: ರಾಶಿ ಯಂತ್ರಕ್ಕೆ ತೆನೆ ಒಡ್ಡುವಾಗ ಕೈಗಳು ಹೋಗುತ್ತಿದ್ದ ಕಾಲದಲ್ಲಿ, 1983ರಲ್ಲಿ, ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿತು. ಹುಲ್ಲಿನ ಯಂತ್ರದವನ ಬಳಿ ಮಾತ್ರ ಯಾರೂ ಬಂದು ಕೇಳುವುದಿಲ್ಲ.

ಯಂತ್ರದ ಆರೈಕೆಯಲ್ಲೂ ಇವನದು ಇದೇ ಧಾಟಿ. ಖಂಡೇ ಪೂಜೆಯ ದಿನ ಸ್ನಾನ ಮಾಡಿಸಿ, ವಿಭೂತಿ ಎಳೆದು, ಕುಂಕುಮ ಹಚ್ಚುತ್ತಾನೆ. ಕುಂಕುಮ ಸರಿಯಾಗಿ ಏರ್ ಫಿಲ್ಟರಿನ ಮೇಲೆ ಬೀಳುತ್ತದೆ. ಆ ಫಿಲ್ಟರಿಗೆ ವರ್ಷದಲ್ಲಿ ಸಿಗುವ ಗಮನ ಅಷ್ಟೇ. ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಆಯಿಲ್ ಎಂದು ಟ್ಯಾಂಕಿನ ಮೇಲೆ ಬರೆದಿದ್ದರೆ, ಇವನು "ತಾಕತ್ತಿಗೆ" ಎಂದು ಇನ್ನೊಂದು ಮುಚ್ಚಳ ಸುರಿಯುತ್ತಾನೆ. ತಾಕತ್ತು ಹೊಗೆಯಾಗಿ ಹೋಗುತ್ತದೆ, ಪ್ಲಗ್ಗಿಗೆ ಮಸಿ ಉಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕು ಬರಿದು ಮಾಡದೆ ಮೂಲೆಗೆ ಒರಗಿಸಿಡುತ್ತಾನೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ. ಜೂನಿನಲ್ಲಿ ಕಾರ್ಬುರೇಟರ್ ಕಟ್ಟಿಕೊಂಡು, ಹಗ್ಗ ಎಳೆದೆಳೆದು ರಟ್ಟೆ ಬಿದ್ದುಹೋದಾಗ ಕಂಪನಿಯವರ ವಂಶವನ್ನೆಲ್ಲ ನೆನೆಯುತ್ತಾನೆ. ನಾಳೆ ಯಾವುದೋ ರೆಸಾರ್ಟಿನವರು ಗಾಲ್ಫ್ ಮೈದಾನಗಳಲ್ಲಿ ಓಡುವಂಥ, ಕೂತು ಓಡಿಸುವ ಹುಲ್ಲಿನ ಗಾಡಿಯನ್ನೇ ತಂದರು ಎನ್ನಿ. ಅದರ ಸೀಟಿನ ಅಡಿಯಲ್ಲೊಂದು ಸ್ವಿಚ್ ಇರುತ್ತದೆ. ಬ್ಲೇಡು ತಿರುಗುವಾಗ ಓಡಿಸುವವನು ಎದ್ದರೆ ಯಂತ್ರ ನಿಲ್ಲುತ್ತದೆ. ಎರಡಿಂಚು ವೈರಿನಿಂದ ಆ ಸ್ವಿಚ್ಚಿನ ಬಾಯಿ ಮುಚ್ಚಿಸಲು ನಮ್ಮವನಿಗೆ ಒಂದು ಚಹಾದ ಹೊತ್ತು ಸಾಕು. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಿದರೆ ಗಾಡಿ ಮಗುಚುತ್ತದೆ, ಮೇಲೆ ಕೆಳಗೆ ಓಡಿಸಬೇಕು, ಅದೂ ಸಾಮಾನ್ಯವಾಗಿ 15 ಡಿಗ್ರಿ ಮೀರದ ಕಡೆ ಮಾತ್ರ ಎಂದು ಪುಸ್ತಕ ಹೇಳುತ್ತಿರುವಾಗ, ಅವನು ಹಳಿಯಾಳದ ಟ್ರ್ಯಾಕ್ಟರಿನ ರೂಢಿಯಂತೆ ಅಳಿಯನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೊರಟಿರುತ್ತಾನೆ.

ಇವನಿಗೆ ಭಾಷಣ ಮಾಡಿ ಪ್ರಯೋಜನವಿಲ್ಲ, ಪೆಟ್ರೋಲ್ ಕೊಡುವ ಕೈ ಗಟ್ಟಿಯಾಗಬೇಕು. ರೆಸಾರ್ಟಿನ ಸ್ಟೋರಿನಲ್ಲಿ ಗಾರ್ಡ್ ತೋರಿಸಿದವರಿಗಷ್ಟೇ ಪೆಟ್ರೋಲ್, ಗಾರ್ಡ್ ಕೆರೆಯುವ ಹೊತ್ತಿಗೂ ಪಗಾರ ಎಂದು ಗೊತ್ತುಮಾಡಿದರೆ ಅವನು ಖಂಡಿತ ದಾರಿಗೆ ಬರುತ್ತಾನೆ. ಮೊದಲ ದಿನ ಮಾತ್ರ ಮನೆಯಿಂದ ಗಾರ್ಡನ್ನು ಚೀಲದಲ್ಲಿ ತಂದು, ಸ್ಟೋರಿನವನಿಗೆ ತೋರಿಸಿ, ಪೆಟ್ರೋಲ್ ತುಂಬಿಸಿಕೊಂಡು, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಆದ್ದರಿಂದ ನಿಯಮ ಬರೆಯುವವರು ಗಾರ್ಡ್ ಎನ್ನುವ ಮೊದಲು "ಬೋಲ್ಟ್ ಬಿಗಿದ" ಎಂದೂ ಸೇರಿಸುವುದು ಒಳ್ಳೆಯದು.