ಆಖೈರು ಶಿಲ್ಕು: ಅರ್ಧ ಕಾದಂಬರಿ

ತಿಂಗಳ ಕೊನೆ ಬಂತೆಂದರೆ ದೇವಸಮುದ್ರದಲ್ಲಿ ಎಲ್ಲರಿಗೂ ಲೆಕ್ಕದ ಗಡಿಬಿಡಿ. ಸ್ತ್ರೀಶಕ್ತಿ ಸಂಘದವರು ಕಂತಿನ ಪುಸ್ತಕ ಬಿಚ್ಚುತ್ತಾರೆ, ಹಾಲು ಹಾಕುವವರು ಡೈರಿ ಚೀಟಿ ಕೂಡುತ್ತಾರೆ, ಅಂಗಡಿಯವರು ಉದ್ರಿ ಪುಸ್ತಕ ಹಿಡಿದು ಯಾರ ಮನೆ ಮುಂದೆ ನಿಲ್ಲಬೇಕೆಂದು ಯೋಚಿಸುತ್ತಾರೆ. ನಮ್ಮ ಭಾವ ಮಾತ್ರ ಸಾಹಿತ್ಯದ ಲೆಕ್ಕಕ್ಕೆ ಕೂರುತ್ತಾರೆ. ಈ ತಿಂಗಳು ಎಷ್ಟು ಓದಿದ್ದು, ಎಷ್ಟು ಬರೆದದ್ದು, ಎಷ್ಟು ಬರೆಯಬೇಕೆಂದುಕೊಂಡದ್ದು, ಎಲ್ಲಕ್ಕೂ ಪುಸ್ತಕವಿದೆ. ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕ. ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ವರ್ಷಗಟ್ಟಲೆ ಗುಮಾಸ್ತಿಕೆ ಮಾಡಿದವರು ಅವರು. ಕೆಲಸ ಬಿಟ್ಟು ಊರು ಸೇರಿದರೂ ಕೈ ಇನ್ನೂ ಮಂಡಿಯಲ್ಲೇ ಇದೆ. ಓದಿದ್ದೆಲ್ಲ ಜಮಾ, ಬರೆದದ್ದೆಲ್ಲ ಖರ್ಚು.

“ಹಂಗಾದ್ರೆ ಬರೆಯೋದು ನಷ್ಟದ ಬಾಬತ್ತಾ ಭಾವ?” ಎಂದು ಒಮ್ಮೆ ಕೇಳಿದೆ.

“ಒಳಗೆ ಬಂದದ್ದು ಜಮಾ, ಹೊರಗೆ ಹೋದದ್ದು ಖರ್ಚು. ಲೆಕ್ಕ ಗೊತ್ತಿಲ್ಲದಿದ್ರೆ ಸುಮ್ನೆ ಕೂತ್ಕೊಳಪ್ಪ.”

ಈ ಪದ್ಧತಿಯಲ್ಲಿ ನೋಡಿದರೆ ಕನ್ನಡದ ದೊಡ್ಡ ಲೇಖಕರೆಲ್ಲ ದಿವಾಳಿ ಎದ್ದವರು. ಭಾವನೊಬ್ಬರೇ ಸಾಹುಕಾರರು.

ಕಳೆದ ತಿಂಗಳ ಪುಟ ನನಗೆ ಬಾಯಿಪಾಠವಾಗಿದೆ. ಆರಂಭ ಶಿಲ್ಕು: ಅರ್ಧ ಕಾದಂಬರಿ. ಜಮಾ: ಪುಸ್ತಕ ಎರಡೂವರೆ, ದೀಪಾವಳಿ ವಿಶೇಷಾಂಕ ಒಂದು (ಹೋದ ವರ್ಷದ್ದು). ಖರ್ಚು: ಹನಿಗವನ ಒಂದು, ಕಥೆಯ ಮೊದಲ ಪ್ಯಾರಾ ನಾಲ್ಕು ಸಲ. ಆಖೈರು ಶಿಲ್ಕು: ಅರ್ಧ ಕಾದಂಬರಿ. ಈ ಅರ್ಧ ಕಾದಂಬರಿ ಪ್ರತಿ ತಿಂಗಳೂ ಒಂದು ಅಕ್ಷರ ಹೆಚ್ಚದೆ ಕಡಿಮೆಯಾಗದೆ ಮುಂದಿನ ಪುಟಕ್ಕೆ ದಾಟುತ್ತದೆ. ಪಾಳೇಗಾರರ ಕಾಲದ ಕಥೆ. ನಾಯಕ ಚಿತ್ರದುರ್ಗದಲ್ಲಿ ಕುದುರೆ ಹತ್ತಿ ರಾಯದುರ್ಗದ ಕಡೆ ಹೊರಟವನು ಇನ್ನೂ ನಮ್ಮ ತಾಲ್ಲೂಕು ದಾಟಿಲ್ಲ. “ಪಾಪ, ಆತನನ್ನ ಬಸ್ಸಿಗಾದರೂ ಹತ್ತಿಸಿಬಿಡಿ, ಕುದುರೆಗೆ ಮೇವು ಹಾಕಿ ಸಾಕಾಗಿರ್ಬೇಕು” ಎಂದು ಅಕ್ಕನೇ ಶಿಫಾರಸು ಮಾಡಿದ್ದಾಳೆ.

ಜಮಾ ಬದಿಯ ಆ ‘ಅರ್ಧ’ ಪುಸ್ತಕ ಯಾವುದೆಂದು ಕೇಳುತ್ತೀರಿ. ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಕುವೆಂಪು ಅವರ ಕಾದಂಬರಿ. ಅದನ್ನು ಮಳೆಗಾಲದಲ್ಲೇ ಓದಬೇಕು, ಹೊರಗೆ ಮಳೆ ಹಿಡಿದಿರಬೇಕು, ಅಂದರೇ ರುಚಿ ಎಂಬುದು ಭಾವನ ನೇಮ. ನಮ್ಮದು ಮೊಳಕಾಲ್ಮೂರು ತಾಲ್ಲೂಕು. ಎರಡು ಹದ ಮಳೆ ಬಿದ್ದರೆ ಊರಲ್ಲಿ ಹೋಳಿಗೆ ಮಾಡುವ ಸೀಮೆ. ಮಳೆ ನಿಂತಲ್ಲಿಗೆ ಓದೂ ನಿಲ್ಲುತ್ತದೆ. ಹೀಗೆ ಓದಿದರೆ ಆ ಪುಸ್ತಕ ಮುಗಿಯುವುದು ಭದ್ರಾ ಮೇಲ್ದಂಡೆ ನೀರು ನಮ್ಮ ಕೆರೆಗೆ ಬಂದ ಮೇಲೇ ಸೈ.

ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದರ ಮೇಲೆ ನಮ್ಮಿಬ್ಬರಿಗೆ ಜಗಳವೇ ಆಗಿದೆ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಭಾವನ ಜಮಾ ಬದಿಯಲ್ಲಿ ಆಗಾಗ ತಲೆ ಹಾಕುತ್ತದೆ. ಮುಕುಂದೂರು ಸ್ವಾಮಿಗಳನ್ನು ಕುರಿತ ಆ ಪುಸ್ತಕ ಬರೆದವರು ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯವರು. ಓದಿದ್ದನ್ನೇ ಮತ್ತೆ ಜಮಾ ಮಾಡುವುದು ಮಂಡಿಯಲ್ಲಿ ಮೋಸ ಅಲ್ಲವೇ ಎಂದು ಕೆಣಕಿದೆ. ಭಾವ ಕಣ್ಣು ಕೆಂಪಗೆ ಮಾಡಿದರು. ಅವರನ್ನು ಕೆಣಕಬೇಕೆಂದು ಅಂದೆನೇ ಹೊರತು, ನನ್ನನ್ನು ಕೇಳಿದರೆ ಮರು ಓದಿಗೆ ದುಪ್ಪಟ್ಟು ಜಮಾ ಕೊಡಬೇಕು. ಹೊಸ ಪುಸ್ತಕವನ್ನು ಯಾರು ಬೇಕಾದರೂ ಹೆಸರಿಗೆ ಓದಿಯಾರು. ಮಿರ್ಚಿ ಕಟ್ಟಿಕೊಟ್ಟ ಕಾಗದದ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಎಣ್ಣೆ ಹೀರಿದ ಪುರವಣಿಯಲ್ಲಿ ಅರ್ಧ ಕಥೆ ಸಿಕ್ಕಿತೆಂದು ಉಳಿದರ್ಧ ಹುಡುಕಲು ಅದೇ ಅಂಗಡಿಯಿಂದ ಮತ್ತೆ ಮಿರ್ಚಿ ತರಿಸಿದವರು ಇವರು. ಕಥೆ ಸಿಗಲಿಲ್ಲ, ಹೊಟ್ಟೆ ಕೆಟ್ಟಿತು. ಅದು ಷರಾ ಕಾಲಮ್ಮಿಗೆ ಹೋಯಿತು.

ಆ ಷರಾ ಕಾಲಮ್ಮು! ಭಾವನ ಸಾಹಿತ್ಯದಲ್ಲಿ ನಿಜವಾಗಿ ಉಳಿಯುವಂಥದ್ದು ಅದೊಂದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಫಾಲ್ಗುಣದಲ್ಲಿ “ನಾಯಕನಹಟ್ಟಿ ತೇರು, ನೆಂಟರು, ಬರವಣಿಗೆ ಇಲ್ಲ.” ಮುಂಗಾರಿನಲ್ಲಿ “ಶೇಂಗಾ ಬಿತ್ತನೆ, ಮನಸ್ಸು ಹೊಲದಲ್ಲಿ.” ಬಿತ್ತನೆ ಆಗದಿದ್ದರೆ “ಮಳೆ ಇಲ್ಲ, ಮನಸ್ಸು ಆಕಾಶದಲ್ಲಿ.” ಭಾದ್ರಪದದಲ್ಲಿ “ಗೌರಸಮುದ್ರ ಮಾರಮ್ಮನ ಜಾತ್ರೆ.” ಕಾಯಿ ಬಿಡಿಸುವ ಕಾಲಕ್ಕೆ “ಆಳು ಸಿಗಲಿಲ್ಲ, ನಾನೇ ಕೂತೆ.” ನಡುವೆ ಕರೆಂಟು, ಮದುವೆ, ಮಂಡಿನೋವು. ಕಥೆಯ ಮೊದಲ ಪ್ಯಾರಾವನ್ನು ನಾಲ್ಕು ಸಲ ತಿದ್ದುವ ಮನುಷ್ಯ ಷರಾವನ್ನು ಒಂದೇ ಏಟಿಗೆ ಬರೆಯುತ್ತಾರೆ, ಒಂದು ಕಾಟು ಇರುವುದಿಲ್ಲ. ಈ ಷರಾಗಳನ್ನೇ ಸಾಲಾಗಿ ಅಚ್ಚು ಹಾಕಿಸಿದರೆ ನಮ್ಮ ಸೀಮೆಯ ಬೇಸಾಯದ ಚರಿತ್ರೆಯಾದೀತು ಎಂದರೆ, ತಮಾಷೆ ಎಂದುಕೊಂಡು ನನ್ನ ಮುಖವನ್ನೇ ನೋಡಲಿಲ್ಲ.

ಅಕ್ಕನದು ಬೇರೆ ದಾರಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅಕ್ಕ ಅದನ್ನು ಲೋಟಕ್ಕೆ ಅನ್ವಯಿಸಿದ್ದಾಳೆ. ಒಂದು ಪುಟ ಬರೆದ ದಿನ ಲೋಟದ ತುಂಬ ಟೀ, ಬರೆಯದ ದಿನ ಅರ್ಧ. ಹನಿಗವನ ಬರೆದ ದಿನ ಏನು ಕೊಟ್ಟಳೋ ನೀವೇ ಊಹಿಸಿಕೊಳ್ಳಿ.

ಲೆಕ್ಕವಿಟ್ಟು ಬರೆಯುವ ಹುಚ್ಚು ಭಾವನ ಸ್ವಂತದ್ದಲ್ಲ, ಅದಕ್ಕೆ ವಿಲಾಯತಿ ಬೇರಿದೆ. ಆಂಥೊನಿ ಟ್ರಾಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯಲ್ಲಿ ನೌಕರ. ಬೆಳಗಿನ ಐದೂವರೆಗೆ ಮೇಜಿಗೆ ಕೂತು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದ ಎಂದು ತನಗೆ ತಾನೇ ಕೂಲಿ ಕಟ್ಟಿಕೊಂಡಿದ್ದ. ವಾರಕ್ಕೆ ಇಷ್ಟು ಪುಟ ಎಂದು ದಿನಚರಿಯಲ್ಲಿ ಗೀಟು ಹಾಕಿ ತುಂಬುತ್ತಿದ್ದ. ಬರೆಯದ ದಿನವೂ ಅದೇ ಪುಸ್ತಕದಲ್ಲಿ ಎದ್ದು ಕಾಣುತ್ತಿತ್ತು. ಹೀಗೆ ಬರೆದದ್ದು 47 ಕಾದಂಬರಿ. (ಶಿವರಾಮ ಕಾರಂತರ ಕಾದಂಬರಿಗಳೂ 47 ಎನ್ನುತ್ತಾರೆ. ಕಾರಂತರು ಗಡಿಯಾರ ನೋಡುತ್ತ ಕೂತಿದ್ದನ್ನು ಊಹಿಸಿಕೊಳ್ಳಲು ಮಾತ್ರ ನನ್ನಿಂದ ಆಗದು.) ಟ್ರಾಲಪ್ ಸತ್ತ ಮೇಲೆ, 1883ರಲ್ಲಿ ಆತ್ಮಕಥೆ ಹೊರಬಂದು ಈ ಲೆಕ್ಕವೆಲ್ಲ ಬಯಲಾಯಿತು. ಓದುಗರು ಮೂಗು ಮುರಿದರು. ಸ್ಫೂರ್ತಿಯಿಂದ ಬಂದದ್ದೆಂದು ನಂಬಿ ಓದಿದ್ದು ಕೂಲಿ ಲೆಕ್ಕದಲ್ಲಿ ಬಂದದ್ದೆಂದು ತಿಳಿದರೆ ಜನಕ್ಕೆ ಅದೇಕೋ ಹೊಟ್ಟೆ ಉರಿಯುತ್ತದೆ. ಯಾರೋ ಇದನ್ನು ಹೇಳಿದ್ದೇ ತಡ, ಭಾವನೂ ಗಡಿಯಾರ ಎದುರಿಗಿಟ್ಟುಕೊಂಡರು. ಕಾಲು ಗಂಟೆ ಕಳೆಯಿತು. ಮುಳ್ಳು ಸರಿಯಾಗಿ ಓಡುತ್ತಿದೆಯೆಂದು ಖಾತ್ರಿಯಾಯಿತು.

“ಟ್ರಾಲಪ್ ಯಾಕೆ ಭಾವ, ಇದಕ್ಕೆ ನಮ್ಮ ತಾಲ್ಲೂಕಲ್ಲೇ ಮಾದರಿ ಐತಲ್ಲ” ಎಂದೆ. ಬ್ರಹ್ಮಗಿರಿಯ ಬಂಡೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ. ಅದರ ಜೊತೆಯವು ಸಿದ್ದಾಪುರದಲ್ಲೂ ಜಟಿಂಗರಾಮೇಶ್ವರ ಬೆಟ್ಟದಲ್ಲೂ ಇವೆ. ಶಾಲೆಯಲ್ಲಿ ಪ್ರವಾಸಕ್ಕೆಂದು ಕರೆದುಕೊಂಡು ಹೋಗಿ, ಬಂಡೆ ತೋರಿಸಿ, ಚಿತ್ರಾನ್ನ ತಿನ್ನಿಸಿ ವಾಪಸು ತರುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಹೆಚ್ಚಿನವರಿಗೆ ಚಿತ್ರಾನ್ನದಷ್ಟು ನೆನಪಿರುವುದಿಲ್ಲ. ಬರೆದಿರುವುದು ಒಂದು ಪ್ರಗತಿ ವರದಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ದೊರೆಯ ಮಾತು: ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಅದರಲ್ಲಿ ಒಂದು ವರ್ಷ ಅಷ್ಟೇನೂ ಪ್ರಯತ್ನ ಮಾಡಲಿಲ್ಲ, ಸಂಘಕ್ಕೆ ಹೋಗಿ ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಪಡುತ್ತಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ ಭಾವ ನೆಟ್ಟಗಾದರು. “ಎರಡೂವರೆ! ನಂದೂ ಎರಡೂವರೆ!”

“ಆತನದು ವರ್ಷ, ನಿಮ್ಮದು ಪುಸ್ತಕ.”

ಆದರೂ ಯೋಚಿಸಿ ನೋಡಿ. ಅಷ್ಟು ದೊಡ್ಡ ಸಾಮ್ರಾಜ್ಯದ ದೊರೆ, ಒಂದು ವರ್ಷ ಸುಮ್ಮನೆ ಕಳೆದೆ ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಷರಾ ಕಾಲಮ್ಮೇ ಇಲ್ಲ. ನೆಂಟರು ಬಂದಿದ್ದರು ಎಂದಿಲ್ಲ, ಮಂಡಿನೋವು ಎಂದಿಲ್ಲ. ಭಾವನಿಗೆ ಅದಕ್ಕಿಂತ ಹಿಡಿಸಿದ್ದು ಮುಂದಿನ ಮಾತು. ಇದು ದೊಡ್ಡವರಿಗಷ್ಟೇ ಸಿಗುವ ಫಲವಲ್ಲ, ಚಿಕ್ಕವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಎಂದಿದೆ ಅಲ್ಲಿ. “ಹವ್ಯಾಸಿ ಬರಹಗಾರರಿಗೆ ಅಂತಲೇ ಬರೆಸಿದ್ದು” ಎಂದು ತೀರ್ಪು ಕೊಟ್ಟು ಕನ್ನಡಕ ಒರೆಸಿಕೊಂಡರು.

ನನಗೆ ಹಿಡಿಸಿದವನು ದೊರೆಯಲ್ಲ, ಗುಮಾಸ್ತ. ಶಾಸನದ ಕೊನೆಯಲ್ಲಿ ಇದನ್ನು ಬರೆದವನು ಚಪಡ ಎಂದು ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿ ಲಿಪಿ. ‘ಲಿಪಿಕಾರ’ ಎಂಬ ತನ್ನ ಹುದ್ದೆಯೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಓಡುತ್ತಿದ್ದದ್ದು ದೂರದ ಗಾಂಧಾರದ ಕಡೆ. ಶೇಂಗಾ ಇನ್ನೂ ಬಂದಿರದ ಈ ಬಯಲಿನಲ್ಲಿ ಅದನ್ನು ಓದುವವರು ಯಾರಿದ್ದರೋ! ನನಗೆ ಇನ್ನೊಂದು ಲಿಪಿಯೂ ಬರುತ್ತದೆ ಕಣ್ರಪ್ಪ ಎಂದು ಹೇಳಿಕೊಳ್ಳದೆ ಆ ಪುಣ್ಯಾತ್ಮನಿಗೆ ಇರಲಾಗಲಿಲ್ಲವೇನೋ. ಬೇರೆಯವರ ವರದಿಯ ಕೆಳಗೆ ತನ್ನ ಹೆಸರು ತೂರಿಸಿದ ಲೇಖಕ ನಮ್ಮ ಸೀಮೆಯಲ್ಲಿ ಅವನಿಗಿಂತ ಹಿಂದೆ ಯಾರಿದ್ದಾರು? ಇಂಥವರ ಮೇಲೆ ಅಶೋಕನಿಗೂ ಗುಮಾನಿ ಇದ್ದೇ ಇತ್ತು. ಹದಿನಾಲ್ಕನೆಯ ಬಂಡೆ ಶಾಸನದಲ್ಲಿ, ಎಲ್ಲಾದರೂ ಬರಹ ಅರೆಬರೆಯಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿದ್ದೀತೆಂದು ಹೇಳಿ ಕೈ ತೊಳೆದುಕೊಂಡಿದ್ದಾನೆ. ಈಗಿನವರು ಡಿಟಿಪಿಯವರ ಮೇಲೆ ಹಾಕುತ್ತಾರಲ್ಲ, ಹಾಗೆ.

ಕಲ್ಲಿನ ಮಾತಿಗೆ ಸೋತ ಭಾವ ನೆಲದ ಮಾತಿಗೆ ಬಂದರು. “ತಳುಕು ಎಷ್ಟು ದೂರ ಐತಿ ಇಲ್ಲಿಂದ? ತ.ರಾ.ಸು. ನಮ್ಮೋರಲ್ವಾ?” ನಮ್ಮವರೇ. 1920ರಲ್ಲಿ ಹುಟ್ಟಿದ್ದು ಮಲೆಬೆನ್ನೂರಿನಲ್ಲಾದರೂ ಹೆಸರಿನ ಮೊದಲಕ್ಷರವೇ ತಳುಕು. ಅವರ ಪಾಳೇಗಾರರು ಕುದುರೆ ಹತ್ತಿದರೆ ಮುಂದಿನ ಅಧ್ಯಾಯದಲ್ಲಿ ಇಳಿಯುತ್ತಿದ್ದರು, ಅದೇ ವ್ಯತ್ಯಾಸ. ಆದರೆ ಭಾವನ ಕಿರ್ದಿಗೆ ಒಪ್ಪುವವರು ತಳುಕಿನವರೇ ಆದ ಇನ್ನೊಬ್ಬರು, ತ.ರಾ.ಸು. ಅವರ ದೊಡ್ಡಪ್ಪನ ಸ್ಥಾನದ ಟಿ.ಎಸ್. ವೆಂಕಣ್ಣಯ್ಯ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ತಾವು ಬರೆದದ್ದಕ್ಕಿಂತ ಬೇರೆಯವರಿಂದ ಬರೆಸಿದ್ದರಿಂದ ದೊಡ್ಡವರಾದರು. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಅರ್ಪಿಸಿದ್ದು ಈ ಗುರುಗಳಿಗೇ. ಶಿಷ್ಯರ ಹಸ್ತಪ್ರತಿ ಓದಿದ್ದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ, ಜಮಾನೋ ಖರ್ಚೋ?

ಭಾವ ಉತ್ತರ ಹುಡುಕುತ್ತಿರುವಾಗ ಕೆಳಗಿನ ಬೀದಿಯ ಅಜ್ಜಿಯೊಬ್ಬಳು ಕಟ್ಟೆಗೆ ಬಂದು ಕೂತಳು. ಬೆಳೆ ವಿಮೆಯ ದುಡ್ಡು ಖಾತೆಗೆ ಬಿದ್ದಿಲ್ಲ, ಒಂದು ಅರ್ಜಿ ಆಗಬೇಕು. ಭಾವ ಹಾಳೆ ತೆಗೆದರು. ಸರ್ವೆ ನಂಬರು, ಬಿತ್ತಿದ ತಿಂಗಳು, ಕಂತು ಕಟ್ಟಿದ ರಸೀದಿ, ಎಲ್ಲಾ ಕೇಳಿಕೊಂಡು ಒಂದು ಪುಟವನ್ನು ನಿಲ್ಲಿಸದೆ ಬರೆದರು. ಮೊದಲ ವಾಕ್ಯಕ್ಕೇ ವಿಷಯ, ಮೂರನೆಯದಕ್ಕೆ ಅಳಲು, ಕೊನೆಯದಕ್ಕೆ ಬೇಡಿಕೆ. ಗಡಿಯಾರದ ಕಡೆ ನೋಡಲೇ ಇಲ್ಲ. ಅಜ್ಜಿಗೆ ಓದಿ ಹೇಳಿದರು. ಆಕೆ, “ಇನ್ನೊಂದಿಟು ಗಟ್ಟಿಯಾಗಿ ಬರಿ ಸ್ವಾಮಿ, ಸಾಹೇಬ್ರಿಗೆ ನಾಟಬೇಕು” ಎಂದು ತಿದ್ದುಪಡಿ ಸೂಚಿಸಿದಳು. ತಿದ್ದಿದರು. ನಮ್ಮೂರಿನಲ್ಲಿ ಹೀಗೆ ಭಾವನ ಕೈಯಿಂದ ಹೊರಟ ಅರ್ಜಿಗಳು, ಲಗ್ನಪತ್ರಿಕೆಗಳು, ತಿಥಿ ಕಾರ್ಡುಗಳು, ಹೆಂಡತಿ ತವರಿಗೆ ಹೋದವರ ಪರವಾದ ಕಾಗದಗಳು ಲೆಕ್ಕವಿಲ್ಲದಷ್ಟು. ಒಂದೂ ಕಿರ್ದಿಯಲ್ಲಿಲ್ಲ. ಬರೆದದ್ದನ್ನು ಕೊನೇ ಸಾಲಿನವರೆಗೆ ಓದಿಸಿಕೊಳ್ಳುವ ಭಾಗ್ಯ ಎಷ್ಟು ಜನ ಕಥೆಗಾರರಿಗಿದೆ?

“ಇದನ್ನ ಖರ್ಚಿಗೆ ಹಾಕಿ ಭಾವ.”

“ಥೂ, ಅರ್ಜಿ ಸಾಹಿತ್ಯ ಏನಪ್ಪ?”

“ಅಶೋಕಂದೂ ಕಚೇರಿ ಕಾಗದಾನೇ.”

ಒಳಗಿನಿಂದ ಅಕ್ಕ ಟೀ ತಂದಳು. ಭಾವನಿಗೆ ಲೋಟದ ತುಂಬ. ಅರ್ಜಿಯನ್ನು ಆಕೆ ಪುಟದ ಲೆಕ್ಕಕ್ಕೆ ಹಿಡಿದಿದ್ದಳು. ನನಗೆ ಅರ್ಧ ಲೋಟ. ಯಾಕೆಂದು ಕೇಳಿದರೆ, “ನೀನೇನು ಬರೆದೆ?” ಎಂದಳು.

ಭಾವ ಟೀ ಹೀರುತ್ತ ಕಿರ್ದಿ ಎಳೆದುಕೊಂಡು ಈ ತಿಂಗಳ ಪುಟ ಮುಗಿಸಿದರು. ಆರಂಭ ಶಿಲ್ಕು ಅರ್ಧ ಕಾದಂಬರಿ, ಆಖೈರು ಶಿಲ್ಕು ಅರ್ಧ ಕಾದಂಬರಿ. ಷರಾ ಕಾಲಮ್ಮಿಗೆ ಬಂದಾಗ ಕೈ ಅಡ್ಡ ಹಿಡಿದು ಬರೆದರು. ನಾನು ಬಗ್ಗಿ ಓದಿದೆ: “ಬಾಮೈದ ಬಂದು ತಲೆ ತಿಂದಿದ್ದರಿಂದ ಒಂದು ಅಧ್ಯಾಯ ನಷ್ಟ.”